ಪಕ್ಕದ ದ್ವೀಪ ಖಾಲಿ ಇದ್ದರೂ ಹಕ್ಕಿ ಯಾಕೆ ಹೋಗಲಿಲ್ಲ?

ಕಾಡು ಬೆಳೆಸಿದರೆ ಸಾಕು, ಹಕ್ಕಿ ತಾನಾಗಿ ಬರುತ್ತದೆ ಅಂತ ಹೇಳುವುದನ್ನು ಕೇಳಿರುತ್ತೀರಿ. ಯಾವ ಹಕ್ಕಿ ಬರಬೇಕು? ಗಂಡೋ ಹೆಣ್ಣೋ, ಈ ವರ್ಷದ ಮರಿಯೋ ಬಲಿತದ್ದೋ? ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳ ಉಲಿಯಕ್ಕಿ (ವಾರ್ಬ್ಲರ್) ಎಂಬ ಪುಟ್ಟ ಹಕ್ಕಿಯ ಕತೆ ನೋಡಿದರೆ ಈ ಪ್ರಶ್ನೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ತೆಂಗಿನ ತೋಟಗಳಿಗಾಗಿ ಕಾಡು ಹೋಯಿತು, ಇಲಿ ಬೆಕ್ಕು ಬಂದವು, 1960ರ ದಶಕಕ್ಕೆ ಕಸಿನ್ ಅನ್ನುವ ಒಂದೇ ದ್ವೀಪದಲ್ಲಿ ಸುಮಾರು 30 ಹಕ್ಕಿ ಉಳಿದವು. 1968ರಲ್ಲಿ ಪಕ್ಷಿ ಸಂರಕ್ಷಣೆಯವರು ಆ ದ್ವೀಪವನ್ನೇ ಕೊಂಡರು. ತೆಂಗು ಕಡಿಮೆ ಮಾಡಿದರು, ಪಿಸೋನಿಯಾ ಎಂಬ ಅಲ್ಲಿನದೇ ಮರಗಳು ಎದ್ದವು. 1980ರ ದಶಕದ ಶುರುವಿಗೆ ಹಕ್ಕಿ 300 ದಾಟಿತು, ಜಾಗ ಮುಗಿಯಿತು.

ಆಮೇಲಿನದ್ದೇ ನನಗೆ ತುಂಬ ಹಿಡಿಸಿದ ಭಾಗ. ಬಲಿತ ಮಕ್ಕಳು ಅಪ್ಪ ಅಮ್ಮನ ಹತ್ತಿರವೇ ಉಳಿದು, ಎಲೆಯ ಅಡಿಯಿಂದ ಹುಳ ಹೆಕ್ಕಿ ತಂದು ತಮ್ಮ ತಂಗಿಯರ ಬಾಯಿಗೆ ಇಡುತ್ತಿದ್ದವು. ಹೀಗೆ ಉಳಿದವುಗಳಲ್ಲಿ ಹೆಣ್ಣೇ ಜಾಸ್ತಿ. ಯಾನ್ ಕೊಮ್ಡೂರ್ ಎಂಬ ಡಚ್ ವಿಜ್ಞಾನಿ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಎಲೆಯಡಿಯ ಹುಳ ಎಣಿಸಿ, ಯಾವ ಜಾಗ ಎಷ್ಟು ಸಮೃದ್ಧ ಅಂತ ಅಳೆದರು. 1988ರಲ್ಲಿ 29 ಹಕ್ಕಿಗಳನ್ನು ಸೇಶೆಲ್ಸ್‌ನದೇ ಆರಿಡ್ ದ್ವೀಪಕ್ಕೆ ಒಯ್ದರು. ಕಸಿನ್‌ನಲ್ಲಿ ಖಾಲಿಯಾದ ಜಾಗ ಕೆಲವೇ ಗಂಟೆಗಳಲ್ಲಿ ತುಂಬಿತು! ತುಂಬಿದ್ದು ಕಾದು ಕೂತಿದ್ದ ಬಲಿತ ಮಕ್ಕಳು. ಒಳ್ಳೆಯ ಜಾಗದಲ್ಲಿ ಹುಟ್ಟಿದವು ಮಾತ್ರ ಹುಳ ಕಡಿಮೆ ಇರುವ ಜಾಗಕ್ಕೆ ಹೋಗಲಿಲ್ಲ, ಅಂಥದ್ದೇ ಒಳ್ಳೆಯ ಜಾಗಕ್ಕಾಗಿ ಕಾದವು. ಅತ್ತ ಆರಿಡ್‌ನಲ್ಲಿ ಜಾಗಕ್ಕೆ ಬರವಿರಲಿಲ್ಲ, ಮೊದಮೊದಲು ಹುಟ್ಟಿದ ಮಕ್ಕಳು ಬಲಿತ ಕೂಡಲೇ ಬೇರೆ ಸಂಸಾರ ಹೂಡಿದವು.

ಇಲ್ಲೊಂದು ಗೋಜಲಿದೆ. ಮನೆಯಲ್ಲಿ ಉಳಿಯುವುದು ಹೆಚ್ಚಾಗಿ ಹೆಣ್ಣು, ಆದರೆ ಹೊರಟರೆ ಗಂಡಿಗಿಂತ ದೂರ ಹೋಗುವುದೂ ಹೆಣ್ಣೇ. ಬಹುತೇಕ ಹಕ್ಕಿಗಳಲ್ಲಿ ಹೆಣ್ಣೇ ದೂರ ಹೋಗುತ್ತದೆ, ಸಸ್ತನಿಗಳಲ್ಲಿ ಸಾಮಾನ್ಯವಾಗಿ ಗಂಡು ಹೋಗುತ್ತದೆ ಅಂತ 1980ರಲ್ಲೇ ಪಾಲ್ ಗ್ರೀನ್‌ವುಡ್ ತೋರಿಸಿದ್ದರು. ಗಂಡು ಹಕ್ಕಿಗೆ ನೆಲ ಹಿಡಿದು ಕಾಯಬೇಕು, ಅದಕ್ಕೆ ಹುಟ್ಟಿದೂರಿನ ಪರಿಚಯವೇ ಬಲ, ಅಲ್ವಾ?

ಆದರೆ ಈ ಉಲಿಯಕ್ಕಿಯ 'ದೂರ' ಅಂದರೆ ಅದೇ ದ್ವೀಪದ ಇನ್ನೊಂದು ಮೂಲೆ, ಅಷ್ಟೇ. ಕಸೀನ್ (Cousine) ಎಂಬ ಬೇರೆಯದೇ ಪಕ್ಕದ ದ್ವೀಪ ಕಸಿನ್‌ನಿಂದ (Cousin) ಎರಡು ಕಿಲೋಮೀಟರ್ ಕೂಡ ಇಲ್ಲ. ಅಷ್ಟು ನೀರು ದಾಟಿ ಯಾವ ಜೋಡಿಯೂ ಅಲ್ಲಿ ನೆಲೆಯೂರಲಿಲ್ಲ. 1990ರಲ್ಲಿ ಮನುಷ್ಯರೇ ಹಿಡಿದು ಅಲ್ಲಿಗೆ ಒಯ್ದರು, 2004ರಲ್ಲಿ ಡೆನಿಸ್ ದ್ವೀಪಕ್ಕೆ, 2011ರಲ್ಲಿ ಫ್ರೆಗೇಟ್ ದ್ವೀಪಕ್ಕೆ.