ಟ್ರಾನ್ಸ್‌ವರ್ಸ್ ಮೈಲೈಟಿಸ್: ಬೆನ್ನುಹುರಿಯ ಉರಿಯೂತ ಮತ್ತು ಅದಾದ ಮೇಲಿನ ಬದುಕು

ಟ್ರಾನ್ಸ್‌ವರ್ಸ್ ಮೈಲೈಟಿಸ್ ಅಂದರೆ ಬೆನ್ನುಹುರಿಯ ಒಂದು ಭಾಗದಲ್ಲಿ ಅಡ್ಡಲಾಗಿ ಬರುವ ಉರಿಯೂತ. ಆಸ್ಪತ್ರೆಯ ಫೈಲಿನಲ್ಲಿ ಇದನ್ನು ‘ಟಿಎಂ’ ಅಥವಾ ‘ಎಟಿಎಂ’ (ಅಕ್ಯೂಟ್ ಟ್ರಾನ್ಸ್‌ವರ್ಸ್ ಮೈಲೈಟಿಸ್) ಎಂದು ಚಿಕ್ಕದಾಗಿ ಬರೆದಿರುತ್ತಾರೆ. ಮುಂಬಯಿಯಿಂದ ಊರಿಗೆ ಫೋನ್ ಮಾಡುವಾಗ ಮಾತ್ರ ಅದು ‘ಲಕ್ವ ಹೊಡೀತಂತೆ’ ಎಂದಾಗಿಬಿಡುತ್ತದೆ. ಲಕ್ವ ಬೇರೆ, ಇದು ಬೇರೆ. ಲಕ್ವದಲ್ಲಿ ಪೆಟ್ಟು ಬೀಳುವುದು ಮೆದುಳಿಗೆ, ಸಾಮಾನ್ಯವಾಗಿ ಮೈಯ ಒಂದು ಪಕ್ಕ ಸ್ವಾಧೀನ ತಪ್ಪುತ್ತದೆ. ಇಲ್ಲಿ ಪೆಟ್ಟು ಬೆನ್ನುಹುರಿಗೆ. ಉರಿಯೂತ ಆದ ಜಾಗದಿಂದ ಕೆಳಗೆ, ಹೆಚ್ಚಾಗಿ ಎರಡೂ ಪಕ್ಕ ತೊಂದರೆ.

ದೊಡ್ಡವರ ಬೆನ್ನುಹುರಿ ಸುಮಾರು 45 ಸೆಂಟಿಮೀಟರ್ ಉದ್ದ ಇರುತ್ತದೆ, ದಪ್ಪ ಒಂದರಿಂದ ಒಂದೂವರೆ ಸೆಂಟಿಮೀಟರ್ ಅಷ್ಟೇ. ಕಾಲು ಎತ್ತು, ಕೈ ಮಡಚು ಅನ್ನುವ ಆದೇಶ ಇದರಲ್ಲೇ ಇಳಿಯಬೇಕು. ಬಿಸಿ, ನೋವು, ಸ್ಪರ್ಶ ಇದರಲ್ಲೇ ಮೇಲೆ ಹೋಗಬೇಕು. ಮೂತ್ರ, ಮಲ, ಬೆವರು, ರಕ್ತದೊತ್ತಡ, ಲೈಂಗಿಕ ಸಾಮರ್ಥ್ಯ ಎಲ್ಲಕ್ಕೂ ಇದೇ ದಾರಿ. ಅದಕ್ಕೇ ಇದನ್ನು ಬರೀ ‘ಕಾಲಿನ ಕಾಯಿಲೆ’ ಅಂದುಕೊಂಡರೆ ಅರ್ಧ ಮಾತ್ರ ಗೊತ್ತಾದ ಹಾಗೆ. ನಾನು ಈ ಲೇಖನ ಬರೆಯಲು ಕಾರಣವೂ ಅದೇ.

ಕಾಯಿಲೆ ಅಪರೂಪದ್ದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ಎಂಟು ಮಂದಿಗೆ ಬರುತ್ತದೆ ಎನ್ನುತ್ತಾರೆ. ಯಾವ ವಯಸ್ಸಿನಲ್ಲೂ ಬರಬಹುದು. 10ರಿಂದ 19ರ ನಡುವೆ ಮತ್ತು 30ರಿಂದ 39ರ ನಡುವೆ ಸ್ವಲ್ಪ ಜಾಸ್ತಿ.

ಶುರುವಾಗುವ ರೀತಿ ಗೊತ್ತಿರುವುದು ತುಂಬಾ ಮುಖ್ಯ. ಮೊದಲು ಬೆನ್ನಿನಲ್ಲೋ ಕತ್ತಿನಲ್ಲೋ ನೋವು. ಪಾದ ಜೋಮು ಹಿಡಿಯುತ್ತದೆ, ಆ ಜೋಮು ಮೇಲಕ್ಕೆ ಹತ್ತುತ್ತದೆ. ಎದೆಗೋ ಹೊಟ್ಟೆಗೋ ಬಿಗಿಯಾಗಿ ಪಟ್ಟಿ ಸುತ್ತಿದ ಹಾಗೆ ಅನ್ನಿಸುತ್ತದೆ. ಹೊಟ್ಟೆಯ ಮೇಲೆ ಬೆರಳಾಡಿಸಿದರೆ ಒಂದು ಗೆರೆ ಸಿಗುತ್ತದೆ: ಮೇಲೆ ಸ್ಪರ್ಶ ಸರಿಯಾಗಿ ಗೊತ್ತಾಗುತ್ತದೆ, ಕೆಳಗೆ ಮಂದ. ಆ ಗೆರೆ ಹೊಕ್ಕುಳ ಮಟ್ಟದಲ್ಲಿದ್ದರೆ ಡಾಕ್ಟರು ‘ಟಿ10’ (ಬೆನ್ನುಹುರಿಯ ಎದೆ ಭಾಗದ ಹತ್ತನೇ ಮಟ್ಟ) ಎಂದು ಬರೆಯುತ್ತಾರೆ, ಮೊಲೆತೊಟ್ಟಿನ ಮಟ್ಟದಲ್ಲಿದ್ದರೆ ‘ಟಿ4’. ಮೂತ್ರ ಕಟ್ಟಿಕೊಳ್ಳುತ್ತದೆ, ಅಥವಾ ತಡೆಯಲು ಆಗುವುದಿಲ್ಲ. ಕಾಲಲ್ಲಿ ಶಕ್ತಿ ಇಲ್ಲ ಅನ್ನುವ ಜೊತೆಗೆ ಮೂತ್ರದ ತೊಂದರೆಯೂ ಬಂತು ಅಂದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬಿಸಿ ಎಣ್ಣೆ ತಿಕ್ಕುತ್ತಾ ನಾಳೆ ನೋಡೋಣ ಅನ್ನುವ ಹೊತ್ತಲ್ಲ ಅದು.

ತೊಂದರೆ ಶುರುವಾಗಿ ಪೂರ್ತಿ ಜೋರಾಗಲು 4 ಗಂಟೆಯಿಂದ 21 ದಿನ ಹಿಡಿಯುತ್ತದೆ. 2002ರಲ್ಲಿ ತಜ್ಞರ ಗುಂಪೊಂದು ಸೂಚಿಸಿದ ಅಳತೆ ಇದು. ಈ ಅಂಕಿಗೆ ಒಂದು ಉಪಯೋಗವಿದೆ. ಕೆಲವೇ ನಿಮಿಷಗಳಲ್ಲಿ ಕಾಲು ಬಿದ್ದುಹೋದರೆ ಬೆನ್ನುಹುರಿಯ ರಕ್ತನಾಳ ಕಟ್ಟಿಕೊಂಡಿರಬಹುದು. ತಿಂಗಳುಗಟ್ಟಲೆ ನಿಧಾನವಾಗಿ ಆಗಿದ್ದರೆ ಬೆನ್ನುಮೂಳೆಯ ಟಿಬಿ, ಗಡ್ಡೆ ಅಥವಾ ಬಿ12 ಕೊರತೆಯನ್ನು ಹುಡುಕಬೇಕು. ಮಾಂಸ, ಮೊಟ್ಟೆ ಮುಟ್ಟದ ನಮ್ಮ ಮನೆಗಳಲ್ಲಿ ಈ ಬಿ12 ಮಾತು ಸುಮ್ನೆ ಬಿಡುವಂಥದ್ದಲ್ಲ. ಬೆನ್ನುಹುರಿಯನ್ನು ಹೊರಗಿನಿಂದ ಏನಾದರೂ ಒತ್ತುತ್ತಿದೆಯೇ ಅಂತ ಮೊದಲು ಎಂಆರ್‌ಐ ಮಾಡಿ ನೋಡುತ್ತಾರೆ, ಯಾಕೆಂದರೆ ಒತ್ತುತ್ತಿದ್ದರೆ ಆಪರೇಷನ್ ಬೇಕಾಗಬಹುದು. ಆಮೇಲೆ ಸೊಂಟದ ಹತ್ತಿರ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ಪರೀಕ್ಷೆ. ಇದರ ಬಗ್ಗೆ ನಮ್ಮವರಲ್ಲಿ ತುಂಬಾ ಭಯ. ದೊಡ್ಡವರ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಆ ಸೂಜಿಯಿಂದಲೇ ಕಾಲು ಹೋಯ್ತು ಅನ್ನುವ ಮಾತು ಕೇಳಿ ಯಾರೂ ಪರೀಕ್ಷೆ ಬಿಡಬಾರದು.

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತ ಜಿಬಿಎಸ್ (ಗಿಲಿಯನ್-ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆ) ಹರಡಿದಾಗ ಮುಂಬಯಿಯಲ್ಲೂ ಕಾಲು ಜೋಮು ಅಂದರೆ ಎಲ್ಲರಿಗೂ ಅದೇ ಹೆಸರು ಬಾಯಿಗೆ ಬರುತ್ತಿತ್ತು. ಎರಡನ್ನೂ ಬೆರೆಸಬಾರದು. ಜಿಬಿಎಸ್‌ನಲ್ಲಿ ಪೆಟ್ಟು ಬೆನ್ನುಹುರಿಯಿಂದ ಹೊರಗೆ ಬಂದ ನರಗಳಿಗೆ. ಅಲ್ಲಿ ಹೊಟ್ಟೆಯ ಮೇಲೆ ಸ್ಪಷ್ಟ ಗೆರೆ ಸಿಗುವುದಿಲ್ಲ, ಶುರುವಿನಲ್ಲೇ ಮೂತ್ರದ ತೊಂದರೆ ಕಮ್ಮಿ. ಚಿಕಿತ್ಸೆಯೂ ಬೇರೆ: ಮೈಲೈಟಿಸ್‌ಗೆ ಮೊದಲು ಕೊಡುವ ಸ್ಟಿರಾಯ್ಡ್ ಜಿಬಿಎಸ್‌ಗೆ ಕೆಲಸ ಮಾಡುವುದಿಲ್ಲ.

ಯಾಕೆ ಬರುತ್ತದೆ? ಹಲವರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ತಿರುಗಿ ಬೀಳುತ್ತದೆ. ಜ್ವರ, ಶೀತ, ಸರ್ಪಸುತ್ತು, ಡೆಂಗಿ ಇಂಥದ್ದು ಏನಾದರೂ ಬಂದು ಹೋದ ಒಂದೆರಡು ವಾರದ ಮೇಲೆ ಕಾಣಿಸಿಕೊಳ್ಳಬಹುದು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ದೇಶದ್ದೇ ಒಂದು ಹಳೆಯ ಕಥೆ ಇದೆ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅನ್ನುತ್ತಿದ್ದ ಕಾಲ ಹಿರಿಯರಿಗೆ ನೆನಪಿರುತ್ತದೆ. ಆ ರೇಬೀಸ್ ಲಸಿಕೆಯನ್ನು ಡೇವಿಡ್ ಸೆಂಪಲ್ ಎನ್ನುವವರು ಕಸೌಲಿಯಲ್ಲಿ ರೂಪಿಸಿದ್ದರು, ಕುರಿಯ ಮೆದುಳಿನಿಂದ ತಯಾರಾಗುತ್ತಿತ್ತು. ನರಗಳ ಮೇಲಿನ ಹೊದಿಕೆಯಾದ ಮೈಲಿನ್ ಅದರಲ್ಲಿ ಸೇರಿರುತ್ತಿತ್ತು. ಕೆಲವರ ಮೈ ಆ ಕುರಿಯ ಮೈಲಿನ್ ಮೇಲೆ ದಾಳಿ ಶುರು ಮಾಡಿ ತನ್ನದೇ ಮೆದುಳು, ಬೆನ್ನುಹುರಿಯ ಮೈಲಿನ್ ಅನ್ನೂ ಬಿಡುತ್ತಿರಲಿಲ್ಲ. ಅದರಿಂದ ಕಾಲಿನ ಸ್ವಾಧೀನ ಕಳೆದುಕೊಂಡವರಿದ್ದರು. 2004ರ ಕೊನೆಯ ಹೊತ್ತಿಗೆ ಭಾರತ ಆ ಲಸಿಕೆಯನ್ನು ನಿಲ್ಲಿಸಿತು. ಈಗಿನದರಲ್ಲಿ ಮೆದುಳಿನ ಅಂಶವೇ ಇಲ್ಲ, ಕೊಡುವುದೂ ತೋಳಿಗೆ. ನಾಯಿ ಕಚ್ಚಿದರೆ ಒಂದು ಕ್ಷಣವೂ ಹಿಂಜರಿಯದೆ ಹಾಕಿಸಿಕೊಳ್ಳಿ. ರೇಬೀಸ್ ಬಂದ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು.

ಇನ್ನು ಕೆಲವರಲ್ಲಿ ಇದು ಬೇರೆ ಕಾಯಿಲೆಯ ಮೊದಲ ಗುರುತು: ಮಲ್ಟಿಪಲ್ ಸ್ಕ್ಲೆರೋಸಿಸ್, ಲೂಪಸ್, ಮಾಗ್ (ಮೈಲಿನ್‌ನ ಒಂದು ಪ್ರೋಟೀನ್) ಮೇಲೆ ಮೈಯೇ ದಾಳಿ ಮಾಡುವ ಕಾಯಿಲೆ ಅಥವಾ ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ). ಕೊನೆಯದು ಹೆಂಗಸರಲ್ಲಿ ತುಂಬಾ ಜಾಸ್ತಿ, ಕಣ್ಣಿನ ನರಕ್ಕೂ ಹೊಡೆಯುತ್ತದೆ, ಮತ್ತೆ ಮತ್ತೆ ಬರುತ್ತದೆ. ಇದರ ಪ್ರತಿಕಾಯವನ್ನು 2004ರಲ್ಲಿ ವಾಂಡಾ ಲೆನನ್ ಮತ್ತು ಜೊತೆಗಾರರು ಗುರುತಿಸಿದರು. ಈಗ ರಕ್ತ ಪರೀಕ್ಷೆಯಲ್ಲಿ ಅದು ಸಿಗುತ್ತದೆ. ಎಂಆರ್‌ಐಯಲ್ಲಿ ಉರಿಯೂತ ಮೂರು ಅಥವಾ ಹೆಚ್ಚು ಮೂಳೆಗಳ ಉದ್ದಕ್ಕೆ ಹಬ್ಬಿದ್ದರೆ ‘ಆಕ್ವಪೊರಿನ್-4 ಟೆಸ್ಟ್ ಆಗಿದೆಯಾ?’ (ಆ ಪ್ರತಿಕಾಯದ ಪರೀಕ್ಷೆ ಇದೇ) ಎಂದು ಕೇಳುವುದರಲ್ಲಿ ಏನೂ ತಪ್ಪಿಲ್ಲ. ಅದು ಇದ್ದರೆ ಮುಂದೆ ವರ್ಷಗಟ್ಟಲೆ ಔಷಧಿ ಬೇಕು. ಯಾವ ಕಾರಣವೂ ಸಿಗದವರೂ ಇದ್ದಾರೆ. ಅಂಥವರಲ್ಲಿ ಹೆಚ್ಚಿನವರಿಗೆ ಜೀವನದಲ್ಲಿ ಒಂದೇ ಸಲ ಬಂದು ಮುಗಿಯುತ್ತದೆ.

ಚಿಕಿತ್ಸೆ ಹೇಳಲು ಜಾಸ್ತಿ ಇಲ್ಲ. ಮೀಥೈಲ್ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಅನ್ನು ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಸಕ್ಕರೆ ಏರುತ್ತದೆ, ನಿದ್ದೆ ಹಾರಿಹೋಗುತ್ತದೆ, ಇದು ಮೊದಲೇ ಗೊತ್ತಿರಲಿ. ಸುಧಾರಿಸದಿದ್ದರೆ ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವ ಭಾಗವನ್ನು ತೆಗೆದು ಬೇರೆ ದ್ರವ ಸೇರಿಸುವುದು), ಸಾಮಾನ್ಯವಾಗಿ ದಿನ ಬಿಟ್ಟು ದಿನ, ಐದರಿಂದ ಏಳು ಸಲ. ಆಮೇಲೆ ಉದ್ದದ ಕೆಲಸ ಶುರು.

ಹಳೆಯ ಲೆಕ್ಕ ಹೀಗಿದೆ: ಮೂರರಲ್ಲಿ ಒಂದು ಪಾಲು ಜನ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಒಂದು ಪಾಲಿಗೆ ಸಾಕಷ್ಟು ತೊಂದರೆ ಉಳಿಯುತ್ತದೆ, ಇನ್ನೊಂದು ಪಾಲಿಗೆ ತೀವ್ರವಾಗಿ ಉಳಿಯುತ್ತದೆ. ಹೆಚ್ಚಿನ ಸುಧಾರಣೆ ಮೊದಲ ಮೂರರಿಂದ ಆರು ತಿಂಗಳಲ್ಲಿ. ಆದರೆ ಎರಡು ವರ್ಷದವರೆಗೂ ನಿಧಾನವಾಗಿ ಬರುತ್ತಿರುತ್ತದೆ. ಆರನೇ ತಿಂಗಳಿಗೆ ‘ಇನ್ನು ಏನೂ ಆಗಲ್ಲ’ ಅಂತ ಫಿಸಿಯೋಥೆರಪಿ ಬಿಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮುಂಬಯಿಯ ಹಾಜಿ ಅಲಿಯ ಹತ್ತಿರ 1955ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಇದೆ: ಅಖಿಲ ಭಾರತ ಫಿಸಿಕಲ್ ಮೆಡಿಸಿನ್ ಮತ್ತು ರಿಹ್ಯಾಬಿಲಿಟೇಷನ್ ಸಂಸ್ಥೆ. ಪಾದ ಎತ್ತಲಾಗದವರಿಗೆ ಹಾಕುವ ಪ್ಲಾಸ್ಟಿಕ್ ಸ್ಪ್ಲಿಂಟಿನಂಥವೂ ಅಲ್ಲಿ ಸಿಗುತ್ತವೆ. ಇಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿದ ನಮ್ಮವರಿಗೇ ಅದರ ಹೆಸರು ಗೊತ್ತಿರುವುದಿಲ್ಲ.

ಮನೆಗೆ ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ: ‘ನಡೀತಾನಾ?’ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿರುವ, ಇದೇ ಕಾಯಿಲೆ ಬಂದ ನನ್ನ ಸೋದರಳಿಯ ಕೋಲು ಹಿಡಿದು ನಡೆಯಲು ಶುರು ಮಾಡಿದಾಗ ಮನೆಯಲ್ಲಿ ಹಬ್ಬವೇ ಆಯಿತು. ಆದರೆ ಆಫೀಸಿಗೆ ಹೋಗಲು ಅವನಿಗೆ ಧೈರ್ಯ ಬಂದದ್ದು ತುಂಬಾ ತಡವಾಗಿ. ತಡೆದದ್ದು ಕಾಲಲ್ಲ, ಮೂತ್ರ. ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಒಂದು ಗಂಟೆಯ ಮೇಲಾಗುತ್ತದೆ. ಲೋಕಲ್‌ನಲ್ಲಿ ಶೌಚಾಲಯ ಇಲ್ಲ. ಬಂತು ಅಂದರೆ ಅವನಿಗೆ ಎರಡು ನಿಮಿಷವೂ ಸಮಯ ಇರುತ್ತಿರಲಿಲ್ಲ. ಅದಕ್ಕೆ ಅವನು ನೀರು ಕುಡಿಯುವುದನ್ನೇ ಬಿಟ್ಟ. ಇಂಥ ಕಾಯಿಲೆಯವರಲ್ಲಿ ತುಂಬಾ ಜನ ಮಾಡುವುದು ಇದನ್ನೇ. ನೀರು ಕಮ್ಮಿಯಾದರೆ ಸೋಂಕು, ಸೋಂಕಾದರೆ ಜ್ವರ, ಜ್ವರ ಬಂದರೆ ಕಾಲು ಇನ್ನಷ್ಟು ಬಿಗಿ.

ಒಳಗೆ ಆಗುತ್ತಿದ್ದದ್ದು ಬೇರೆಯೇ. ಮೂತ್ರಚೀಲ ಹಿಂಡುವಾಗ ಬಾಗಿಲು ತೆರೆಯಬೇಕು, ಅಲ್ವಾ? ಬೆನ್ನುಹುರಿಗೆ ಪೆಟ್ಟಾದರೆ ಈ ಹೊಂದಾಣಿಕೆ ತಪ್ಪುತ್ತದೆ. ಅವಸರವಾಗಿ ಹೋಗುತ್ತದೆ, ಆದರೆ ಪೂರ್ತಿ ಖಾಲಿಯಾಗುವುದಿಲ್ಲ. ಮೂತ್ರ ಮಾಡಿದ ತಕ್ಷಣ ಸೋನೋಗ್ರಫಿ ಮಾಡಿದರೆ ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ. ಜಾಸ್ತಿ ಉಳಿಯುತ್ತಿದ್ದರೆ ತಾವೇ ಸಣ್ಣ ಕೊಳವೆ ಹಾಕಿ ತೆಗೆದು, ಮತ್ತೆ ಕೊಳವೆ ಹೊರತೆಗೆಯುವ ಕ್ರಮ ಇದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಗೊಮ್ಮೆ. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಇದನ್ನು ಬಳಕೆಗೆ ತಂದರು. ಕೈ ಸೋಪಿನಿಂದ ಚೆನ್ನಾಗಿ ತೊಳೆದಿದ್ದರೆ ಸಾಕು, ಆಪರೇಷನ್ ಥಿಯೇಟರಿನ ಮಟ್ಟದ ಶುದ್ಧಿ ಬೇಡ ಎಂದು ಅವರು ತೋರಿಸಿದರು. ಮೂತ್ರಪಿಂಡ ಉಳಿಸುವ ವಿಷಯದಲ್ಲಿ ಇಷ್ಟು ಸರಳವಾದ ದೊಡ್ಡ ಉಪಾಯ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಸೋದರಳಿಯನ ಬ್ಯಾಗಿನಲ್ಲಿ ಈಗ ಟಿಫಿನ್ ಡಬ್ಬಿ ಪಕ್ಕ ಒಂದು ಜಿಪ್ ಚೀಲ ಇರುತ್ತದೆ. ಅದರಲ್ಲಿ ಕೊಳವೆ, ಜೆಲ್ಲಿ, ಪುಟ್ಟ ಸೋಪು, ಒಣ ಬಟ್ಟೆ. ಮನೆಯಿಂದ ಹೊರಡುವ ಮುಂಚೆ ಒಂದು ಸಲ, ಆಫೀಸು ಮುಟ್ಟಿ ಒಂದು ಸಲ, ಮೂರು ಗಂಟೆ ಸುಮಾರಿಗೆ ಒಂದು ಸಲ. ಈಗ ರೈಲಿನಲ್ಲಿ ಅವನಿಗೆ ನಿದ್ದೆಯೂ ಬರುತ್ತದೆ. ಅಂಗವಿಕಲರ ಡಬ್ಬಿಯಲ್ಲಿ ಹತ್ತಿದರೆ ಕೆಲವೊಮ್ಮೆ ‘ತುಮ್ಹಾಲಾ ಕಾಯ್ ಝಾಲಂಯ್?’ (ನಿಮಗೇನಾಗಿದೆ?) ಎಂದು ಕೇಳುತ್ತಾರೆ. ಕೋಲು ಬಿಟ್ಟರೆ ನೋಡಲು ಚೆನ್ನಾಗಿಯೇ ಇದ್ದಾನೆ. ಅವನು ಕಾರ್ಡು ತೋರಿಸಿ ಸುಮ್ಮನಾಗುತ್ತಾನೆ.

ಆ ಕಾರ್ಡಿನ ಬಗ್ಗೆಯೂ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಅಲ್ಲಿದೆ, ಟ್ರಾನ್ಸ್‌ವರ್ಸ್ ಮೈಲೈಟಿಸ್ ಹೆಸರು ಇಲ್ಲ. ಆದರೆ ಕೈಕಾಲಿನ ಚಲನೆಯ ತೊಂದರೆ ಪಟ್ಟಿಯಲ್ಲಿದೆ, ಹಾಗಾಗಿ ಹೆಸರಿಲ್ಲ ಎಂದು ವಾಪಸ್ ಬರಬೇಡಿ. ಹೆಚ್ಚಿನ ಸವಲತ್ತಿಗೆ 40 ಶೇಕಡ ವೈಕಲ್ಯ ಬೇಕು. ಯುಡಿಐಡಿ (ಅಂಗವಿಕಲರ ಗುರುತಿನ ಕಾರ್ಡು) ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು.

ಸ್ಪರ್ಶ ಇಲ್ಲದ ಕಾಲಿನ ಬಗ್ಗೆ ಮನೆಯವರಿಗೆ ಎಷ್ಟು ಹೇಳಿದರೂ ಸಾಲದು. ಬಿಸಿನೀರಿನ ಚೀಲ ಇಡಬೇಡಿ. ಚರ್ಮ ಸುಟ್ಟು ಬೊಬ್ಬೆ ಬಂದರೂ ಅವರಿಗೆ ಗೊತ್ತಾಗುವುದಿಲ್ಲ. ಸ್ನಾನದ ನೀರನ್ನು ಕೈಯಿಂದ ಮುಟ್ಟಿ ನೋಡಿ, ಅವರ ಪಾದದಿಂದಲ್ಲ. ಚಪ್ಪಲಿ ಕಳಚಿ ಪ್ಲಾಟ್‌ಫಾರ್ಮಿನಲ್ಲೇ ಉಳಿದರೂ ಗೊತ್ತಾಗದೆ ಮುಂದೆ ಹೋಗುತ್ತಾರೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ಮಲಗಿಯೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಕೆಂಪು ಕಲೆ ಕಂಡರೆ ಅದೇ ಗಾಯದ ಮೊದಲ ಹಂತ. ಒಂದೇ ಕಾಲು ಊದಿಕೊಂಡರೆ ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಡಾಕ್ಟರಿಗೆ ತೋರಿಸಿ.

ಕೆಲವು ವಾರ ಕಳೆದ ಮೇಲೆ ಸಡಿಲವಾಗಿದ್ದ ಕಾಲು ಬಿಗಿಯಾಗುತ್ತದೆ, ತಾನಾಗಿ ಅದುರುತ್ತದೆ. ಮನೆಯವರು ‘ಕಾಲು ಬರ್ತಾ ಇದೆ’ ಎಂದು ಖುಷಿಪಡುತ್ತಾರೆ. ಅದು ಬೇಕೆಂದು ಆಡಿಸುವ ಚಲನೆ ಅಲ್ಲ. ಬಿಗಿತ ಸ್ವಲ್ಪ ಇದ್ದರೆ ನಿಲ್ಲಲು ಸಹಾಯ, ಜಾಸ್ತಿಯಾದರೆ ಬ್ಯಾಕ್ಲೊಫೆನ್‌ನಂಥ ಮಾತ್ರೆ. ಉರಿಯುವ, ಚುಚ್ಚುವ ನರದ ನೋವಿಗೆ ಪ್ಯಾರಾಸಿಟಮಾಲ್ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬೇರೆಯೇ ಗುಂಪು, ಅವನ್ನು ಡಾಕ್ಟರು ನಿಧಾನವಾಗಿ ಏರಿಸುತ್ತಾರೆ. ಗಂಡಸರ ಲೈಂಗಿಕ ತೊಂದರೆಗೂ ಔಷಧಿ ಇದೆ. ಹೆಂಗಸರಿಗೆ ಸಾಮಾನ್ಯವಾಗಿ ಗರ್ಭ ಧರಿಸುವ ಶಕ್ತಿ ಉಳಿದೇ ಇರುತ್ತದೆ. ನಾಚಿಕೆಯಿಂದ ಯಾರೂ ಕೇಳುವುದಿಲ್ಲ, ಅವಸರದ ಓಪಿಡಿಯಲ್ಲಿ ಯಾರೂ ಹೇಳುವುದೂ ಇಲ್ಲ. ಮನಸ್ಸು ಕುಗ್ಗುವುದಂತೂ ತುಂಬಾ ಸಾಮಾನ್ಯ, ಅದಕ್ಕೂ ಚಿಕಿತ್ಸೆ ಬೇಕು.

ಕಡೆಯದಾಗಿ, ಮತ್ತೆ ಬಂತೇನೋ ಅನ್ನುವ ಭಯ. ಮುಂಬಯಿಯ ಅಕ್ಟೋಬರ್ ಸೆಖೆಯಲ್ಲಿ ಕಾಲು ಭಾರವಾಗಬಹುದು, ಜೋಮು ಹೆಚ್ಚಬಹುದು. ಮೈಲಿನ್ ಕಳೆದುಕೊಂಡ ನರಗಳಲ್ಲಿ ಮೈ ಬಿಸಿಯಾದರೆ ಸಂದೇಶ ಸರಿಯಾಗಿ ಸಾಗುವುದಿಲ್ಲ. 1890ರಲ್ಲಿ ವಿಲ್ಹೆಲ್ಮ್ ಊಟಾಫ್ ವಿವರಿಸಿದ ಸಂಗತಿ ಇದು. ಫ್ಯಾನಿನ ಕೆಳಗೆ ಕೂತು, ತಣ್ಣೀರು ಕುಡಿದು, ಒದ್ದೆ ಬಟ್ಟೆ ಕತ್ತಿಗೆ ಹಾಕಿಕೊಂಡು ಸ್ವಲ್ಪ ಹೊತ್ತಿನಲ್ಲಿ ಮೊದಲಿನ ಹಾಗಾದರೆ ಗಾಬರಿ ಬೇಡ. ತಣ್ಣಗಾದ ಮೇಲೂ ಹೋಗದಿದ್ದರೆ ಜ್ವರ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಹಳೆಯ ತೊಂದರೆ ಕೆದಕುವುದು ಹೆಚ್ಚಾಗಿ ಸೋಂಕೇ. ಕಾಲಿನ ಶಕ್ತಿ ಹೊಸದಾಗಿ ಇಳಿದು ಒಂದು ದಿನ ಕಳೆದರೂ ಹಾಗೇ ಇದ್ದರೆ, ಜೋಮಿನ ಗೆರೆ ಮೇಲೇರಿದರೆ, ಒಂದು ಕಣ್ಣು ಮಸುಕಾಗಿ ಕಣ್ಣು ಆಡಿಸುವಾಗ ನೋವಾದರೆ, ಹಳೆಯ ಎಂಆರ್‌ಐ ಫೈಲು ಹಿಡಿದು ನರರೋಗ ವಿಭಾಗಕ್ಕೆ ಹೋಗಿ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.