ಸಮುದ್ರ ದಾಟಬೇಕಿದ್ದ ಕರೆಂಟು ಐದು ಮಿಲಿಮೀಟರಿಗೆ ಬಂದು ನಿಂತಿತು

ರಾತ್ರಿ ಮಲಗುವಾಗ ಫೋನನ್ನು ವೈರ್‌ಲೆಸ್ ಚಾರ್ಜರ್ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬ್ಯಾಟರಿ 9%. ನಡುರಾತ್ರಿ ಯಾವುದೋ ಮೆಸೇಜ್ ಬಂದು ಫೋನು ಗುಂಯ್ ಅಂದಿದೆ, ಆ ನಡುಕಕ್ಕೆ ಎರಡು ಬೆರಳಷ್ಟು ಪಕ್ಕಕ್ಕೆ ಜಾರಿದೆ. ಅಷ್ಟಕ್ಕೇ ಚಾರ್ಜಿಂಗ್ ನಿಂತಿದೆ. ಆ ಚಾರ್ಜರಿನ ಹಿಂದಿನಿಂದ ಒಂದು ವೈರು ಹೊರಟು ಗೋಡೆಯ ಪ್ಲಗ್ಗಿಗೆ ಹೋಗುತ್ತದೆ ಬೇರೆ. ಹೆಸರು ಮಾತ್ರ ವೈರ್‌ಲೆಸ್!

ತಂತಿಯಿಲ್ಲದ ಕರೆಂಟಿನ ಈ ಕನಸು ಶುರುವಾದಾಗ ಲೆಕ್ಕ ಇಷ್ಟು ಚಿಕ್ಕದಿರಲಿಲ್ಲ. 1901ರಲ್ಲಿ ವಿಜ್ಞಾನಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ವಾರ್ಡನ್‌ಕ್ಲಿಫ್ ಗೋಪುರ ಕಟ್ಟಲು ಹೊರಟರು. ಅಟ್ಲಾಂಟಿಕ್ ಆಚೆಗೆ ಮೊದಲು ಸಂದೇಶ, ಆಮೇಲೆ ತಂತಿಯಿಲ್ಲದೆ ಕರೆಂಟು. ಸಾಹುಕಾರ ಜೆ.ಪಿ. ಮಾರ್ಗನ್ 1.5 ಲಕ್ಷ ಡಾಲರ್ ಕೊಡಲು ಒಪ್ಪಿದರು. ಅದು ಸಾಲಲಿಲ್ಲ. ಮತ್ತೆ ಕೇಳಿದಾಗ ಇಲ್ಲ ಅಂದುಬಿಟ್ಟರು. 1917ರಲ್ಲಿ ಗೋಪುರ ಕೆಡವಿ ಗುಜರಿಗೆ ಹಾಕಿದರು. ಇತ್ತ 1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟು ಮುಟ್ಟಿಸಿಯಾಗಿತ್ತು. ದೂರದ ಮಾತು ಬಂದರೆ ಇಂದಿಗೂ ತಂತಿಯದೇ ರಾಜ್ಯ.

ಹಾಗಂತ ತಂತಿಯಿಲ್ಲದೆ ಕಳಿಸುವುದು ಆಗದ ಕೆಲಸವೇನಲ್ಲ. ಅಡುಗೆಮನೆಯ ಇಂಡಕ್ಷನ್ ಒಲೆ ದಿನಾ ಅದನ್ನೇ ಮಾಡುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟ ಸಂಗತಿ ಇದು. ತಾಮ್ರದ ಸುರುಳಿಯೊಂದರಲ್ಲಿ ಕರೆಂಟು ಏರಿಳಿದರೆ ಅದರ ಸುತ್ತ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಪಕ್ಕದಲ್ಲಿ ಇನ್ನೊಂದು ಸುರುಳಿ ಇದ್ದರೆ ಅದರಲ್ಲೂ ಕರೆಂಟು ಹುಟ್ಟುತ್ತದೆ. ಆದರೆ ಸ್ವಲ್ಪ ದೂರ ಹೋದರೂ ಆ ಕ್ಷೇತ್ರ ಸೊರಗಿಬಿಡುತ್ತದೆ. ಬಚ್ಚಲಲ್ಲಿ ನೀರು ತಾಗುವ ಎಲೆಕ್ಟ್ರಿಕ್ ಟೂತ್‌ಬ್ರಶ್ಶಿಗೆ ಇದು ತೊಡಕಾಗಲಿಲ್ಲ. ಅದು ಸ್ಟ್ಯಾಂಡಿನೊಳಗೆ ಗಟ್ಟಿಯಾಗಿ ಕೂರುತ್ತದಲ್ವಾ!

ಫೋನಿನ ವಿಷಯಕ್ಕೆ ಬಂದರೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮರಿನ್ ಸೊಲ್ಯಾಚಿಚ್ ಅವರ ನಿದ್ದೆ ಕೆಡಿಸಿದ್ದು ಮನೆಯಲ್ಲಿದ್ದ ಮೊಬೈಲು. ಚಾರ್ಜ್ ಮುಗಿದು ಬೀಪ್ ಬೀಪ್ ಅನ್ನುತ್ತಿತ್ತು. ಮನೆ ತುಂಬ ಕರೆಂಟಿದೆ, ಇದು ತಾನಾಗಿ ತೆಗೆದುಕೊಳ್ಳಬಾರದಾ ಅನ್ನಿಸಿತು ಅವರಿಗೆ. 2007ರಲ್ಲಿ ಅವರ ತಂಡ 2 ಮೀಟರ್ ದೂರದ 60 ವ್ಯಾಟ್ ಬಲ್ಬನ್ನು ತಂತಿಯಿಲ್ಲದೆ ಉರಿಸಿತು. ಎರಡು ಸುರುಳಿಗಳನ್ನು ಒಂದೇ ಕಂಪನಕ್ಕೆ ಶ್ರುತಿ ಮಾಡಿದ್ದೇ ಗುಟ್ಟು. ಸುಮಾರು 40% ಶಕ್ತಿ ದಾಟಿತು, ಮಿಕ್ಕಿದ್ದು ದಾರಿಯಲ್ಲೇ ಹೋಯಿತು. ಆದರೆ ಸುರುಳಿಗಳು ಎರಡೆರಡು ಅಡಿ ಅಗಲ. ಅದನ್ನು ಜೇಬಿನಲ್ಲಿಟ್ಟುಕೊಳ್ಳುವವರು ಯಾರು?

ಮಾರುಕಟ್ಟೆ ಹಿಡಿದದ್ದು ಹತ್ತಿರದ ದಾರಿ: ಫೋನಿಗೂ ಚಾರ್ಜರಿಗೂ ನಡುವೆ ಐದು ಮಿಲಿಮೀಟರಿನಷ್ಟೇ ಅಂತರ. 2009ರಲ್ಲಿ ಪಾಮ್ ಕಂಪನಿಯ 'ಪ್ರೀ' ಫೋನಿಗೆ 'ಟಚ್‌ಸ್ಟೋನ್' ಎಂಬ ಚಾರ್ಜರ್ ಬಂತು. ಅದರಲ್ಲಿ ಆಯಸ್ಕಾಂತ ಇತ್ತು, ಫೋನು ಸರಿಯಾದ ಜಾಗದಲ್ಲೇ ಅಂಟಿಕೊಳ್ಳುತ್ತಿತ್ತು. ಉತ್ತರ ಅಲ್ಲೇ ಇತ್ತು ಅನ್ನಿ. ಪಾಮ್ ಉಳಿಯಲಿಲ್ಲ, ಉತ್ತರವೂ ಮರೆತುಹೋಯಿತು.

ಆಮೇಲೆ ನಡೆದದ್ದು ಕಂಪನಿಗಳ ಜಗಳ. 2008ರ ಕೊನೆಗೆ ಹುಟ್ಟಿದ ವೈರ್‌ಲೆಸ್ ಪವರ್ ಕನ್ಸಾರ್ಷಿಯಂ ಎಂಬ ಕಂಪನಿಗಳ ಕೂಟ 2010ರಲ್ಲಿ 'ಚೀ' (Qi) ಎಂಬ ನಿಯಮಾವಳಿ ತಂದಿತು. ಚೀನೀ ಭಾಷೆಯಲ್ಲಿ ಪ್ರಾಣಶಕ್ತಿ ಅನ್ನುವ ಪದ ಅದು. ಮೊದಲಿಗೆ ಬರೀ 5 ವ್ಯಾಟ್. ಇದರಲ್ಲಿ ಫೋನು ಮತ್ತು ಚಾರ್ಜರ್ ಮಾತಾಡಿಕೊಳ್ಳುತ್ತವೆ. ಫೋನು ತಾನು ಎಳೆಯುವ ಕರೆಂಟನ್ನು ಸ್ವಲ್ಪ ಹೆಚ್ಚುಕಮ್ಮಿ ಮಾಡಿ 'ಇನ್ನೂ ಬೇಕು', 'ಸಾಕು' ಎಂದು ಸನ್ನೆ ಮಾಡುತ್ತದೆ. ಮಧ್ಯೆ ನಾಣ್ಯ ಸಿಕ್ಕಿಕೊಂಡರೆ ಒಲೆ ಮೇಲಿನ ಪಾತ್ರೆಯ ಹಾಗೆ ಅದು ಕಾಯುತ್ತದೆ. ಕೊಟ್ಟದ್ದಕ್ಕೂ ತಲುಪಿದ್ದಕ್ಕೂ ತಾಳೆಯಾಗದಿದ್ದರೆ ಚಾರ್ಜರ್ ನಿಲ್ಲಿಸಬೇಕು.

2012ರಲ್ಲಿ ನೋಕಿಯಾ ಲೂಮಿಯಾ 920 'ಚೀ' ಹಿಡಿದು ಬಂತು. ಆದರೆ ಪವರ್‌ಮ್ಯಾಟ್ ಎಂಬ ಚಾರ್ಜರ್ ಕಂಪನಿಯವರದು ಬೇರೆ ಗುಂಪು, ಕ್ವಾಲ್‌ಕಾಮ್ ಮತ್ತು ಸ್ಯಾಮ್‌ಸಂಗ್ ಸೇರಿಕೊಂಡ ಮೂರನೆಯದು ಮತ್ತೊಂದು. 2014ರಲ್ಲಿ ಸ್ಟಾರ್‌ಬಕ್ಸ್ ತನ್ನ ಟೇಬಲ್ಲುಗಳಿಗೆ ಪವರ್‌ಮ್ಯಾಟ್ ಆರಿಸಿಕೊಂಡಿತು. ಕೈಯಲ್ಲಿ 'ಚೀ' ಫೋನಿದ್ದವರು ಬರೀ ಕಾಫಿ ಕುಡಿದು ಬರಬೇಕು! ಬೇಸತ್ತ ಸ್ಯಾಮ್‌ಸಂಗ್ 2015ರ ಗ್ಯಾಲಕ್ಸಿ ಎಸ್6ರಲ್ಲಿ 'ಚೀ', ಪವರ್‌ಮ್ಯಾಟ್ ಎರಡನ್ನೂ ತುರುಕಿತು. 2017ರಲ್ಲಿ ಆಪಲ್ 'ಚೀ' ಕಡೆ ವಾಲಿತು, ಜಗಳ ಹೆಚ್ಚುಕಮ್ಮಿ ಮುಗಿಯಿತು. ಲೋಹದ ಬೆನ್ನು ಕಾಂತಕ್ಷೇತ್ರಕ್ಕೆ ಅಡ್ಡ ಅಂತ ಐಫೋನಿಗೆ ಮತ್ತೆ ಗಾಜಿನ ಬೆನ್ನು ಬಂತು. ಬಿದ್ದರೆ ಈಗ ಎರಡೂ ಕಡೆ ಒಡೆಯುತ್ತದೆ, ಅದು ಬೇರೆ ಮಾತು.

ಅದೇ ವರ್ಷ ಆಪಲ್ 'ಏರ್‌ಪವರ್' ಎಂಬ ಹಾಸು ತೋರಿಸಿತ್ತು. ಫೋನು, ವಾಚು, ಇಯರ್‌ಫೋನ್ ಡಬ್ಬಿ, ಮೂರನ್ನೂ ಎಲ್ಲಿ ಬೇಕಾದರೂ ಇಡಿ, ಚಾರ್ಜ್ ಆಗುತ್ತದೆ ಅಂದಿತ್ತು. 2019ರ ಮಾರ್ಚಿನಲ್ಲಿ, ನಮ್ಮ ಮಟ್ಟಕ್ಕೆ ಬರಲಿಲ್ಲ ಎಂದು ಕೈಬಿಟ್ಟಿತು. ಎಲ್ಲಿ ಬೇಕಾದರೂ ಇಡುವ ಆಸೆ ಅಲ್ಲಿಗೆ ನಿಂತಿತು. 2020ರಲ್ಲಿ ಬಂದ ಆಪಲ್‌ನದೇ ಚಾರ್ಜರ್ ಮ್ಯಾಗ್‌ಸೇಫ್ ಮಾಡಿದ್ದು ತದ್ವಿರುದ್ಧ: ಆಯಸ್ಕಾಂತದ ಉಂಗುರ, 15 ವ್ಯಾಟ್, ಅಲ್ಲಾಡುವಂತಿಲ್ಲ. ಅದನ್ನೇ ಆಧಾರ ಮಾಡಿಕೊಂಡು 2023ರಲ್ಲಿ 'ಚೀ 2' ಎಲ್ಲರಿಗೂ ಬಂತು. ಟಚ್‌ಸ್ಟೋನ್ ಮಾಡಿದ್ದನ್ನು ಮತ್ತೆ ಮಾಡಲು ಹನ್ನೊಂದು ವರ್ಷ ಹಿಡಿಯಿತು ನೋಡಿ.

ನಾನೂ ಈಗ ಆಯಸ್ಕಾಂತದ ಚಾರ್ಜರ್ ತಂದಿದ್ದೇನೆ. ಹತ್ತಿರ ಒಯ್ದರೆ ಫೋನು ಟಕ್ ಅಂತ ಕಚ್ಚಿಕೊಳ್ಳುತ್ತದೆ, ಮೆಸೇಜಿಗೆಲ್ಲ ಜಾರುವುದಿಲ್ಲ. ಕಾಲ್ ಬಂತೆಂದು ಅವಸರದಲ್ಲಿ ಎತ್ತಿದರೆ ಮಾತ್ರ, ಚಾರ್ಜರೂ ವೈರಿನ ಸಮೇತ ಕಿವಿಯ ತನಕ ಬರುತ್ತದೆ.