ಹಳೆಯ ಬೀಡಿನ ತೋಟದಲ್ಲಿ ಸ್ವಯಂಸೇವೆ: ಮೊದಲ ವರ್ಷ ಏನು ಮಾಡಬೇಕು?

ಪ್ರಶ್ನೆ: ಕಾಸರಗೋಡು ಕಡೆಯ ಕುಂಬಳೆ ಸೀಮೆಯ ನಮ್ಮ ಊರಿನಲ್ಲಿರುವ ಹಳೆಯ ಬೀಡಿನ ಮನೆಯನ್ನು, ಅಂದರೆ ಹಿಂದಿನ ಸ್ಥಳೀಯ ಪಾಳೆಯಗಾರ ಮನೆತನದ ದೊಡ್ಡ ಮನೆಯನ್ನು, ನೋಡಲು ಈಗ ಜನ ಬರುತ್ತಿದ್ದಾರೆ. ಅಂಗಳ, ಹಿತ್ತಿಲು ಹಾಳುಬಿದ್ದಿವೆ. ನಾನು ನಿವೃತ್ತ. ವಾರಕ್ಕೊಮ್ಮೆ ಹೋಗಿ ತೋಟದ ಕೆಲಸ ಮಾಡಿ, ಒಳ್ಳೆಯ ಹೂಗಿಡಗಳನ್ನು ನೆಡುವ ಆಸೆಯಿದೆ. ತರಬೇತಿ ಇಲ್ಲದವರನ್ನು ಸೇರಿಸಿಕೊಳ್ಳುತ್ತಾರೆಯೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಧಾರಾಳವಾಗಿ ಹೋಗಿ. ತರಬೇತಿ ಇಲ್ಲವೆಂಬುದು ಅಡ್ಡಿಯೇ ಅಲ್ಲ. ಬ್ರಿಟನ್ನಿನಲ್ಲಿ 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ತನ್ನ ಸುಪರ್ದಿಯ ಹಳೆಯ ಬಂಗಲೆಗಳ ಉದ್ಯಾನಗಳಲ್ಲಿ ಸಂಬಳದ ತೋಟಗಾರರ ಜತೆಗೆ ಸ್ವಯಂಸೇವಕರಿಗೂ ಕೆಲಸ ಕೊಡುತ್ತದೆ. ನಮ್ಮ ಕಡೆ ಅಂಥ ಸಿದ್ಧ ಏರ್ಪಾಡು ಕಡಿಮೆ. ಹಾಗಾಗಿ ನೀವೇ ಹೋಗಿ ಕೇಳಬೇಕಾಗುತ್ತದೆ.

ಯಾರನ್ನು ಕೇಳಬೇಕು ಎಂಬುದು ಜಾಗದ ಒಡೆತನವನ್ನು ಅವಲಂಬಿಸಿದೆ. ನಿಮ್ಮ ಊರಿನ ಬೀಡು ಮನೆತನದವರ ಕೈಯಲ್ಲೇ ಇದ್ದರೆ ಯಜಮಾನರ ಒಪ್ಪಿಗೆ ಸಾಕು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ ಅವರ ಮನೆಯಂಥ ಸ್ಮಾರಕವಾದರೆ ಅದನ್ನು ನೋಡಿಕೊಳ್ಳುವ ಸಮಿತಿಗೆ ಪತ್ರ ಬರೆಯಿರಿ. ಬೇಕಲ ಕೋಟೆಯ ಮಾತು ಬೇರೆ. ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಇಲಾಖೆಗೆ ತನ್ನದೇ ಆದ ತೋಟಗಾರಿಕಾ ವಿಭಾಗವೂ ಇದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಲಿಖಿತ ಅನುಮತಿಯಿಲ್ಲದೆ ಅಲ್ಲಿ ಒಂದು ಕಡ್ಡಿಯನ್ನೂ ಕೀಳಬೇಡಿ.

ನಿಮ್ಮನ್ನು ತಡೆದು ಹೇಳಬೇಕಾದ ಮಾತು ಒಂದೇ. ಹೂಗಿಡ ನೆಡುವ ಆಸೆಯನ್ನು ದಯವಿಟ್ಟು ಒಂದು ಪೂರ್ತಿ ವರ್ಷ ಮುಂದಕ್ಕೆ ಹಾಕಿ.

ಏಕೆಂದರೆ ಮಾರ್ಚ್ ತಿಂಗಳಲ್ಲಿ ನೀವು ನೋಡುವ ಹಿತ್ತಿಲು ಅಲ್ಲಿರುವುದರ ಅರ್ಧ ಮಾತ್ರ. ಕೆಸು, ಸುವರ್ಣಗಡ್ಡೆ, ಕಾಡು ಅರಿಶಿನ, ಗೌರಿ ಹೂವಿನ ಗಡ್ಡೆಗಳೆಲ್ಲ ಆಗ ಮಣ್ಣಿನೊಳಗೆ ಮಲಗಿರುತ್ತವೆ. ನೆಲ ಖಾಲಿಯಾಗಿ ಕಾಣುತ್ತದೆ. ಖಾಲಿ ಎಂದು ಅಗೆದು ದಾಸವಾಳದ ಸಾಲು ಹಾಕಿದರೆ, ಯಾರೋ ಎರಡು ಮೂರು ತಲೆಮಾರಿನ ಹಿಂದೆ ಇಟ್ಟ ಗಡ್ಡೆ ಪಿಕ್ಕಾಸಿಯ ಏಟಿಗೆ ತುಂಡಾಗುತ್ತದೆ. ಬಾವಿಕಟ್ಟೆಯ ಪಕ್ಕದ ತೇವದಲ್ಲಿ ಹಬ್ಬಿದ ಒಂದೆಲಗವನ್ನು ಕಳೆಯೆಂದು ಕಿತ್ತುಹಾಕುವವರೂ ಇದ್ದಾರೆ. ಆ ಮನೆಯ ತಂಬುಳಿಗೆ ಎಲೆ ಸಿಗುತ್ತಿದ್ದದ್ದು ಅಲ್ಲಿಂದಲೇ. ಇಂಥ ಮನೆಗಳಲ್ಲಿ ಹೂದೋಟವೆಂದು ಬೇರೆ ಇರುವುದಿಲ್ಲ. ಪೂಜೆಯ ಹೂವು, ಅಡುಗೆಯ ಸೊಪ್ಪು, ಮದ್ದಿನ ಬೇರು, ಬೇಲಿಯ ಗಿಡ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅದನ್ನು ಓದಲು ಒಂದು ಮಳೆಗಾಲ, ಒಂದು ಬೇಸಗೆ ಬೇಕೇ ಬೇಕು. ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದುಕೊಂಡು, ಯಾವ ಮೂಲೆಯಲ್ಲಿ ಯಾವಾಗ ಏನು ಚಿಗುರಿತು, ಏನು ಹೂಬಿಟ್ಟಿತು ಎಂದು ತಿಂಗಳಿಗೊಮ್ಮೆ ಗುರುತಿಸಿ. ಆ ಮನೆಯ ಹಿರಿಯ ಹೆಂಗಸರನ್ನು, ಅಲ್ಲಿ ದುಡಿದ ಹಳೆಯ ಆಳುಗಳನ್ನು ಕೂಡಿಸಿಕೊಂಡು ಕೇಳಿ. ರೆಂಜೆಮರ (ಬಕುಳ) ಯಾರು ನೆಟ್ಟದ್ದು, ಸುರಗಿಯ ಹೂವನ್ನು ಯಾವ ಪೂಜೆಗೆ ಕೊಡುತ್ತಿದ್ದರು ಎಂಬ ವಿವರ ಇರುವುದು ಅವರಲ್ಲೇ. ಈ ಕೆಲಸವನ್ನು ಸಂಬಳದವರಿಂದ ಯಾರೂ ಮಾಡಿಸುವುದಿಲ್ಲ. ಸ್ವಯಂಸೇವಕರು ಕೊಡಬಹುದಾದ ದೊಡ್ಡ ಕಾಣಿಕೆ ಇದೇ ಎಂದು ನನ್ನ ನಂಬಿಕೆ.

ಹಾಗೆಂದು ವರ್ಷವಿಡೀ ಕೈಕಟ್ಟಿ ಕೂರಬೇಕಿಲ್ಲ. ಮೊದಲು ಗೋಡೆಗಳನ್ನು ನೋಡಿ. ಮುರಕಲ್ಲಿನ ಸಂದಿಗಳಲ್ಲಿ ಅಶ್ವತ್ಥ, ಗೋಳಿ, ಅತ್ತಿಯ ಸಸಿಗಳು ಹುಟ್ಟಿಕೊಂಡಿರುತ್ತವೆ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕುತ್ತದೆ, ಬೀಜ ಗಾರೆಯ ಬಿರುಕಿನಲ್ಲಿ ಮೊಳೆಯುತ್ತದೆ, ಬೇರು ತೇವ ಹುಡುಕಿಕೊಂಡು ಗೋಡೆಯ ಒಳಗೇ ಇಳಿಯುತ್ತದೆ. ನಾಲ್ಕು ಎಲೆಯ ಸಸಿಯಾದರೆ ಮಳೆ ಬಂದ ಮರುದಿನ, ಸಂದಿ ಮೆತ್ತಗಿರುವಾಗ, ಬೇರುಸಹಿತ ಬೆರಳಿನಲ್ಲೇ ತೆಗೆಯಬಹುದು. ಹೆಬ್ಬೆರಳಷ್ಟು ದಪ್ಪವಾಗಿದ್ದರೆ ಎಳೆಯಲೇಬೇಡಿ. ಕಾಂಡ ಮುರಿದರೆ ಬೇರು ಮತ್ತೆ ಚಿಗುರುತ್ತದೆ, ಬೇರು ಬಂದರೆ ಕಲ್ಲೂ ಜತೆಗೆ ಬರುತ್ತದೆ. ಫೋಟೊ ತೆಗೆದು, ಜಾಗ ಬರೆದಿಟ್ಟು, ಕಟ್ಟಡದ ದುರಸ್ತಿ ಬಲ್ಲವರಿಗೆ ಒಪ್ಪಿಸಿ.

ಜೂನ್‌ಗೆ ಮೊದಲು ಮಳೆನೀರು ಹರಿಯುವ ಕಣಿಗಳ ಕೆಸರು, ತರಗೆಲೆ ತೆಗೆಯಿರಿ. ಕಾಸರಗೋಡಿನ ಮಳೆಯಲ್ಲಿ ನೀರು ಒಂದು ದಿನ ಅಡಿಪಾಯದ ಬುಡದಲ್ಲಿ ನಿಂತರೂ ಹಾನಿ ದೊಡ್ಡದು. ಎಲ್ಲೆಡೆ ಹಬ್ಬುವ ಕಳೆಯಾದ ಕಮ್ಯುನಿಸ್ಟ್ ಗಿಡ ಹೂಬಿಡುವುದು ಚಳಿಗಾಲದಲ್ಲಿ. ನವೆಂಬರ್‌ನೊಳಗೆ ಬುಡಸಹಿತ ಕಿತ್ತರೆ ಸಾರ್ಥಕ, ಬೀಜ ಗಾಳಿಗೆ ಹಾರಿದ ಮೇಲೆ ಕಡಿದರೆ ಶ್ರಮ ವ್ಯರ್ಥ. ಲಂಟಾನವನ್ನೂ ಬಿಡಬೇಡಿ. ಅದು 19ನೆಯ ಶತಮಾನದ ಆರಂಭದಲ್ಲಿ ಚಂದದ ಹೂಗಿಡವೆಂದೇ ಭಾರತದ ಉದ್ಯಾನಕ್ಕೆ ಬಂದದ್ದು. ನೆಡುವ ಮೊದಲು ಯೋಚಿಸಿ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಾಗಬನದ ಗಡಿಯೊಳಗೆ ಹಿಡಿಸೂಡಿಯನ್ನೂ ಒಯ್ಯಬೇಡಿ. ದೈವದ ಕಟ್ಟೆಯ ಸುತ್ತಲೂ ಅಷ್ಟೇ. ಅಲ್ಲಿ ಏನು ಮಾಡಬಹುದೆಂದು ಮನೆಯವರೇ ಹೇಳಬೇಕು. ಇನ್ನೊಂದು ಸೂಕ್ಷ್ಮ: ಕೂಲಿಗೆ ಬರುತ್ತಿರುವ ಒಬ್ಬರ ದುಡಿಮೆಯನ್ನು ನಿಮ್ಮ ಉಚಿತ ಸೇವೆ ಕಸಿಯಬಾರದು. ಅವರ ಜತೆ, ಅವರ ಮಾತು ಕೇಳಿಕೊಂಡು ಕೆಲಸ ಮಾಡುತ್ತೇನೆಂದು ಪತ್ರದಲ್ಲೇ ಬರೆಯಿರಿ.

ಮಳೆಗಾಲದಲ್ಲಿ ಗಂಬೂಟು ಹಾಕಿಕೊಳ್ಳಿ. ಕಾಲಿನಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ, ಇಲಿಜ್ವರದ ಭಯವಿದೆ. ತರಗೆಲೆಯ ರಾಶಿಯನ್ನು ಕೋಲಿನಿಂದ ಕೆದಕಿದ ಮೇಲೆಯೇ ಕೈ ಹಾಕಿ. ಕೊಳಕು ಮಂಡಲ ಒಣ ಎಲೆಯ ಬಣ್ಣದಲ್ಲೇ ಇರುತ್ತದೆ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಿ.

ನೆಡುವ ಕಾಲ ಎರಡನೆಯ ಜೂನ್‌ನಲ್ಲಿ ಬರುತ್ತದೆ. ಐತಿಹಾಸಿಕ ಉದ್ಯಾನಗಳ ಬಗ್ಗೆ, ಸ್ಮಾರಕಗಳ ಸಂರಕ್ಷಣೆಗೆಂದಿರುವ ಅಂತರರಾಷ್ಟ್ರೀಯ ಸಂಸ್ಥೆ ಇಕೋಮಾಸ್ 1982ರಲ್ಲಿ ಅಂಗೀಕರಿಸಿದ ಫ್ಲಾರೆನ್ಸ್ ಸನ್ನದು ಅಂಥ ಉದ್ಯಾನವನ್ನು ಜೀವಂತ ಸ್ಮಾರಕವೆಂದು ಕರೆಯುತ್ತದೆ. ಸತ್ತ ಗಿಡದ ಜಾಗಕ್ಕೆ ಸಕಾಲದಲ್ಲಿ ಬದಲಿ ಬರಬೇಕು, ದೂರದ ಕಾಲಕ್ಕೂ ಯೋಜನೆ ಇರಬೇಕು ಎನ್ನುತ್ತದೆ. ನಿಮ್ಮ ಬೀಡಿಗೆ ಇದನ್ನು ಅನ್ವಯಿಸುವುದು ಸುಲಭ. ಅಂಗಳದ ರೆಂಜೆಮರದ ಅಡಿಯಲ್ಲಿ ಬಿದ್ದ ಬೀಜಗಳನ್ನೇ ಮೊದಲ ವರ್ಷ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮೊಳೆಸಿಡಿ. ಸಂಪಿಗೆಯ ಬೀಜ ಬೇಗ ಸತ್ತ್ವ ಕಳೆದುಕೊಳ್ಳುವುದರಿಂದ ಹಣ್ಣಾದ ಕೂಡಲೇ ಬಿತ್ತಿ. ತೆಂಗು, ಅಡಕೆಯ ಸಸಿ ಬೇಕಾದರೆ ಕಾಸರಗೋಡಿನಲ್ಲೇ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ, ಅಲ್ಲಿ ವಿಚಾರಿಸಿ. ಮರವಾಗುವ ಯಾವುದನ್ನೂ ಗೋಡೆ, ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ಬಾಯಿಯ ಹತ್ತಿರ ನೆಡಬೇಡಿ. ಹೂವಿನ ಆಸೆಗೆ ಕೇಪಳ, ನಂದಿಬಟ್ಟಲು, ಗೋರಟೆ ಇವೆ. ಆ ಹಿತ್ತಿಲಲ್ಲಿ ಹಿಂದೆ ಇದ್ದು ಈಗ ಕಾಣದಾದ ಹೂವು ಯಾವುದೆಂದು ಅಷ್ಟು ಹೊತ್ತಿಗೆ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿರುತ್ತದೆ. ಮೊದಲು ಅದನ್ನೇ ಹುಡುಕಿ ತಂದು ನೆಡಿ.